ಚಿಕ್ಕಪ್ಪ ಕಿವಿಗೊಟ್ಟ ಹಾರ್ಡ್ ಡಿಸ್ಕ್

ನಮ್ಮ ಚಿಕ್ಕಪ್ಪ ರಿಪೇರಿ ಮಾಡಿದ ಯಾವ ಯಂತ್ರವೂ ಎರಡನೇ ಸಲ ಕೆಟ್ಟಿದ್ದಿಲ್ಲ. ಎರಡನೇ ಸಲ ಕೆಡಬೇಕಾದರೆ ನಡುವೆ ಒಮ್ಮೆಯಾದರೂ ಸರಿಯಾಗಿರಬೇಕಲ್ಲ!

ಚಿಂತಾಮಣಿಯಲ್ಲಿ ಒಂದು ಖಾಸಗಿ ಬಸ್ಸಿನ ಶೆಡ್ಡಿನಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಬಸ್ಸುಗಳನ್ನು ಚೆನ್ನಾಗಿಯೇ ನೋಡಿಕೊಂಡಿರಬೇಕು, ಪ್ರಯಾಣಿಕರು ಯಾರೂ ಇದುವರೆಗೆ ಅವರನ್ನು ಹುಡುಕಿಕೊಂಡು ಬಂದಿಲ್ಲ. ತೊಂದರೆ ಶುರುವಾದದ್ದು ಕೆಲಸ ಬಿಟ್ಟ ಮೇಲೆ, ಅವರ ಕಣ್ಣು ನೆಂಟರ ಮನೆಯ ಸಾಮಾನುಗಳ ಮೇಲೆ ಬಿದ್ದಾಗ. ಗೌರಿಬಿದನೂರಿನ ನಮ್ಮ ಸೋದರತ್ತೆಯ ಟೇಬಲ್ ಫ್ಯಾನು ಅವರ ಚಿಕಿತ್ಸೆಯ ನಂತರ ಗೋಡೆಯ ಕಡೆಗೆ ಗಾಳಿ ಬೀಸತೊಡಗಿತು. ಅತ್ತೆ ಕೇಳಿದ್ದಕ್ಕೆ, "ಗಾಳಿ ಯಾವ ಕಡೆ ಬಂದ್ರೂ ಗಾಳಿನೇ ಕಣಕ್ಕಾ, ನೀನೇ ಆ ಕಡೆ ಹೋಗಿ ಕೂತ್ಕೊ" ಎಂದರಂತೆ.

ಹೋದ ವರ್ಷ ಶಿಡ್ಲಘಟ್ಟದ ನಮ್ಮ ಮನೆಯ ಕಂಪ್ಯೂಟರ್ ಕೈಕೊಡತೊಡಗಿತು. ಒಂದು ಫೈಲ್ ತೆರೆಯುವಷ್ಟರಲ್ಲಿ ನಾನು ಅನ್ನಕ್ಕಿಟ್ಟು ಬರಬಹುದಿತ್ತು. ಜೊತೆಗೆ ಪೆಟ್ಟಿಗೆಯೊಳಗಿಂದ ಟಕ್, ಟಕ್ ಎಂಬ ಸದ್ದು. ಫೋನಿನಲ್ಲಿ ಬೇರೇನೋ ಮಾತಾಡುತ್ತ ಇದನ್ನು ಚಿಕ್ಕಪ್ಪನ ಮುಂದೆ ಬಾಯಿಬಿಟ್ಟೆ. ಮಧ್ಯಾಹ್ನದೊಳಗೆ ಮೊಳದುದ್ದದ ಸ್ಕ್ರೂಡ್ರೈವರ್ ಸಮೇತ ಬಸ್ಸಿಳಿದು ಬಂದೇಬಿಟ್ಟರು.

ಅದರ ತುದಿಯನ್ನು ಪೆಟ್ಟಿಗೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರು. ಇಂಜಿನ್ನಿನ ಕಾಯಿಲೆ ಕೇಳಿಸಿಕೊಳ್ಳುವ ವಿಧಾನವಂತೆ.

"ಏಮಿರಾ ನೀ ಬಾಧ?" ಎಂದು ಅದಕ್ಕೇನು ಕಷ್ಟವೆಂದು ಡಿಸ್ಕನ್ನೇ ವಿಚಾರಿಸಿದರು. ಯಂತ್ರಗಳ ಜೊತೆ ಅವರದು ಯಾವಾಗಲೂ ತೆಲುಗು. ಆಮೇಲೆ ನನ್ನತ್ತ ತಿರುಗಿ, "ಬೇರಿಂಗ್ ಕಣಮ್ಮ" ಎಂದರು.

"ಅದರಲ್ಲಿ ಬೇರಿಂಗ್ ಇರುತ್ತಾ ಚಿಕ್ಕಪ್ಪ?"

"ತಿರುಗೋದು ಅಂದ್ಮೇಲೆ ಬೇರಿಂಗ್ ಇರಲೇಬೇಕು."

ಮಾತು ನಿಜವೇ. ಅವರಿಂದ ಅಪಾಯವಿರುವುದೇ ಅಲ್ಲಿ. ಹತ್ತು ಮಾತಿನಲ್ಲಿ ಒಂದು ನಿಜವಾಗಿಬಿಡುತ್ತದೆ, ಉಳಿದ ಒಂಬತ್ತನ್ನು ಅದರ ಧೈರ್ಯದ ಮೇಲೆ ಆಡುತ್ತಾರೆ. ಸಂಜೆಯ ಹೊತ್ತಿಗೆ ಬೇರಿಂಗ್ ಹೋಗಿ ಓವರ್‌ಲೋಡ್ ಬಂತು. "ಐವತ್ತು ಸೀಟಿನ ಗಾಡಿಗೆ ಊರಿಗೆ ಊರೇ ಹತ್ತಿಸಿದ್ರೆ ಏದುಸಿರು ಬಿಡದೆ ಏನು ಮಾಡುತ್ತೆ? ಇಳಿಸು ಸ್ವಲ್ಪ" ಎಂದರು. ನಾನು ಹೈಸ್ಕೂಲಿನ ಕನ್ನಡ ಮೇಡಂ. ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ಅಳಿಸಿ ಇಳಿಸಿದೆ. ಸದ್ದು ಇಳಿಯಲಿಲ್ಲ. ಮರುದಿನ ಧೂಳಿನ ಮೇಲೆ ಅನುಮಾನ ಬಂದು ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಧೂಳು ಕಂಪ್ಯೂಟರ್ ಬಿಟ್ಟು ನನ್ನ ದೋಸೆಹಿಟ್ಟಿಗೆ ವರ್ಗವಾಯಿತು.

ಕೊನೆಗೆ ನಾನೇ ಡಿಸ್ಕ್ ಪರೀಕ್ಷಿಸುವ ಒಂದು ಪ್ರೋಗ್ರಾಂ ಹಾಕಿಕೊಂಡೆ. ಅದು ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸಿತು.

"ಹಳದಿ ತಾನೆ?" ಎಂದರು ಚಿಕ್ಕಪ್ಪ. "ಸಿಗ್ನಲ್‌ನಲ್ಲಿ ಹಳದಿ ಬಂದ್ರೆ ಯಾವ ಡ್ರೈವರ್ ನಿಲ್ಲಿಸ್ತಾನೆ? ಇನ್ನೂ ಜೋರಾಗಿ ಹೋಗ್ತಾನೆ."

ಅವರೂ ಜೋರಾಗಿ ಹೋದರು. ಒಂದು ಪೂರ್ತಿ ಪರೀಕ್ಷೆಗೆ ನಾಲ್ಕು ಗಂಟೆ. ಫೇಲಾದಾಗಲೆಲ್ಲ "ಇನ್ನೊಂದು ಸಲ ಕೂರಿಸು, ಪಾಸಾಗುತ್ತೆ" ಎನ್ನುವರು. ಮೂರು ದಿನದಲ್ಲಿ ಐದು ಸಲ ಕೂರಿಸಿದೆವು. ಐದನೆಯದರಲ್ಲಿ ಕೆಂಪು ಬಂತು. ಕೆಂಪಿಗೆ ಚಿಕ್ಕಪ್ಪ ಬ್ರೇಕ್ ಹಾಕಿದರು. ಪೆಟ್ಟಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ನನ್ನೊಂದಿಗೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದರು.

ಅಲ್ಲಿನ ರಿಪೇರಿ ಅಂಗಡಿ ನಡೆಸುವವಳು ಮೂವತ್ತರ ಆಸುಪಾಸಿನ ಹೆಂಗಸು. ಸದ್ದು ಕೇಳಿದವಳೇ, "ಹೀಗಾದ್ಮೇಲೂ ಓಡಿಸಿದ್ರಾ?" ಎಂದಳು.

"ಟೆಸ್ಟ್ ಮಾಡ್ತಿದ್ವಿ" ಎಂದರು ಚಿಕ್ಕಪ್ಪ, ಗಾಂಭೀರ್ಯದಿಂದ.

"ಎಷ್ಟು ಸಲ?"

"ಐದು."

"ಉಬ್ಬಸದವರನ್ನ ಐದು ಸಲ ನಂದಿ ಬೆಟ್ಟ ಹತ್ತಿಸಿ ಇಳಿಸಿದ ಹಾಗಾಯ್ತು ಸರ್."

ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಅವಳು ಕೇಬಲ್ ಬದಲಿಸಿ ನೋಡಿದಳು. ಬೇರೆ ಕಂಪ್ಯೂಟರಿಗೆ ಹಾಕಿ ನೋಡಿದಳು. ಅದೇ ಟಕ್, ಟಕ್. "ಡಿಸ್ಕೇ ಹೋಗ್ತಿದೆ ಮೇಡಂ. ಇನ್ನು ಹತ್ತು ನಿಮಿಷಾನೋ ಒಂದು ಗಂಟೆನೋ ಹೇಳಕ್ಕಾಗಲ್ಲ. ಯಾವುದು ಮುಖ್ಯ ಹೇಳಿ, ಅದನ್ನ ಮೊದಲು ಕಾಪಿ ಮಾಡ್ತೀನಿ" ಎಂದಳು.

ಅದರಲ್ಲಿ ಮುಖ್ಯವಾದವು ಎರಡೇ. ಒಂದು, ತೀರಿಕೊಂಡ ನಮ್ಮಮ್ಮನ ಫೋಟೊಗಳು ಮತ್ತು ಒಂದೇ ಒಂದು ವಿಡಿಯೊ. ಇನ್ನೊಂದು, ಚಿಕ್ಕಪ್ಪ ಆರು ವರ್ಷದಿಂದ ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಒಂದೇ ಬೆರಳಿನಲ್ಲಿ ಟೈಪ್ ಮಾಡಿದ, ಅವರು ರಿಪೇರಿ ಮಾಡಿದ ಬಸ್ಸುಗಳ ಜೀವನಚರಿತ್ರೆ. ಯಾವ ಬಸ್ಸು ಯಾವ ಏರಿನಲ್ಲಿ ಹಟ ಹಿಡಿಯುತ್ತಿತ್ತು, ಯಾವುದು ಯಾರ ಮಾತು ಕೇಳುತ್ತಿತ್ತು ಎಂದೆಲ್ಲ. ಮುನ್ನೂರು ಪುಟ. ಇದನ್ನು ಓದುವವರು ಬಸ್ಸುಗಳೇ ಇರಬೇಕು ಎಂದು ನಾನು ನೆಂಟರೆದುರು ನಗಾಡಿದ್ದೆ. ಅವರೆದುರಿಗೂ.

"ಇವರದು ಮೊದಲು ತೆಗೀರಿ" ಎಂದೆ.

"ಅತ್ತಿಗೆದು ಮೊದಲು ತೆಗಿಯಮ್ಮ" ಎಂದರು ಚಿಕ್ಕಪ್ಪ. ನನ್ನ ಕಡೆ ನೋಡಲೇ ಇಲ್ಲ.

ಅಮ್ಮನ ಫೋಟೊಗಳು ಬಂದವು. ವಿಡಿಯೊ ತಡೆತಡೆದು ಪೂರ್ತಿ ಬಂತು. ಬಸ್ಸುಗಳಿಗೆ ಕೈಹಾಕುವಷ್ಟರಲ್ಲಿ ಸದ್ದು ನಿಂತಿತು. ಅವಳು ಮತ್ತೆರಡು ಸಲ ಪ್ರಯತ್ನಿಸಿ, ಆಗಲ್ಲವೆಂದು ತಲೆಯಾಡಿಸಿದಳು. ನಾನು ಅಳುವ ಹಾಗಾದಾಗ ಚಿಕ್ಕಪ್ಪ, "ಗುಜರಿಗೆ ಹೋದ ಗಾಡಿಗಳ ವಿಷಯ ತಾನೆ, ಬಿಡಮ್ಮ" ಎಂದು ಹೆಗಲ ಟವಲಿನಿಂದ ಸುಮ್ಮನೆ ಮೇಜು ಒರೆಸಿದರು.

ಮುಂದಿನ ಭಾನುವಾರ ಅವರು ಬರುತ್ತಾರೋ ಇಲ್ಲವೋ ಎಂದಿದ್ದೆ. ಬಂದರು. ಹೊಸ ಡಿಸ್ಕ್ ಹಾಕಿದ ಕಂಪ್ಯೂಟರ್ ಮುಂದೆ ನಾನೇ ಕೂತು, "ನೀವು ಹೇಳಿ, ನಾನು ಟೈಪ್ ಮಾಡ್ತೀನಿ. ಮೊದಲನೇ ಬಸ್ಸು ಯಾವುದು?" ಎಂದೆ. ಅವರು, "ಅದಕ್ಕೆ ಮುಂಚೆ ಅತ್ತಿಗೆದು ಒಂದ್ಸಲ ಹಾಕು" ಎಂದರು.

ಹಾಕಿದೆ. ತೆರೆಯ ಮೇಲೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿಕ್ಕಪ್ಪನನ್ನು ಬೈಯುತ್ತಿದ್ದರು. "ಏನಪ್ಪಾ, ಗ್ರೈಂಡರ್ ಬಿಚ್ಚಿ ಹರಡಿ ಹೋದೋನು ಹದಿನೈದು ದಿನ ಆದ್ಮೇಲೆ ಮುಖ ತೋರಿಸ್ತೀಯಲ್ಲ, ನಾಚಿಕೆ ಆಗಲ್ವಾ? ಸರಿ, ಹೋಗು, ಕೈ ತೊಳ್ಕೊಂಡು ಬಾ, ಊಟ ಮಾಡು."

ಚಿಕ್ಕಪ್ಪ ಕುರ್ಚಿಯಿಂದೆದ್ದು ಹಿತ್ತಲಿಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.