ಪೇತ್ರನ ಅತ್ತೆಗೆ ಜ್ವರ ಬಿಟ್ಟ ಮೇಲೆ

ನನ್ನ ಅತ್ತೆಗೆ ಈ ಜಗತ್ತಿನಲ್ಲಿ ಒಬ್ಬನ ಮೇಲೆ ಮಾತ್ರ ಗುಮಾನಿ. ಅವನು ಹಾಲಿನವನಲ್ಲ, ಕರೆಂಟು ಬಿಲ್ಲಿನವನೂ ಅಲ್ಲ. ಎರಡು ಸಾವಿರ ವರ್ಷದ ಹಿಂದೆ ಮೀನು ಹಿಡಿಯುತ್ತಿದ್ದ ಪೇತ್ರ! ಯೇಸುಸ್ವಾಮಿಯ ಪಟ್ಟಶಿಷ್ಯ!

ನಾನು ಕಾನ್ವೆಂಟಿನಲ್ಲಿ ಕಲಿತವಳು. ಒಂದು ಸಂಜೆ ಮಗಳಿಗೆ ಕತೆ ಹೇಳುತ್ತಿದ್ದೆ. ಸ್ವಾಮಿ "ಬಾ" ಎಂದದ್ದೇ ಪೇತ್ರ ಬಲೆ ಬಿಟ್ಟು ಹೊರಟ. ಆಮೇಲೆ ಸ್ವಾಮಿ ಅವನ ಮನೆಗೆ ಹೋಗಿ, ಜ್ವರದಲ್ಲಿ ಮಲಗಿದ್ದ ಅವನ ಅತ್ತೆಯ ಕೈ ಮುಟ್ಟಿ ಗುಣಪಡಿಸಿದರು. ಮೆಣಸಿನ ತೊಟ್ಟು ಮುರಿಯುತ್ತಿದ್ದ ನನ್ನ ಅತ್ತೆಯ ಕೈ ಅಲ್ಲಿಗೇ ನಿಂತಿತು.

"ಅಳಿಯನ ಮನೆಯಲ್ಲಿ ಆ ಅತ್ತೆಗೆ ಎಂತ ಕೆಲಸ?"

ನಮ್ಮ ಕಡೆ ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ನಾಲ್ಕು ದಿನ ಹೆಚ್ಚು ಕೂತರೆ ಕಾಗೆಗಳೂ ಮಾತಾಡುತ್ತವೆ! ಶುರುವಾಯಿತು ನೋಡಿ. ಮದುವೆಗೆ ಮೊದಲು ಅವನು ಹೇಗಿದ್ದ? ಹೆಂಡತಿಯತ್ರ ಹೇಳಿ ಹೋದನಾ? ದೇವರು ಕರೆದದ್ದಕ್ಕೆ ಹೋದದ್ದಾ, ಅತ್ತೆಯ ಕಾಟ ತಡೆಯದೆ ಹೋದದ್ದಾ? ದೋಸೆ ಕಾವಲಿಯ ಮುಂದೆ, ಬಟ್ಟೆ ಹರವುವಲ್ಲಿ, ಎಲ್ಲೆಲ್ಲೂ ಪೇತ್ರ. ನಾನು ಉತ್ತರ ಎಲ್ಲಿಂದ ತರಲಿ? ಪೇತ್ರ ನನ್ನ ತವರಿನವನಾ?

ಕುಂಬ್ರದಿಂದ ಸ್ಕೂಟರಿನಲ್ಲಿ ಬರುವ ಮೀನಿನವನನ್ನೂ ಬಿಡಲಿಲ್ಲ.

"ಯಾರಾದರೂ ಬಾ ಅಂದರೆ ಇದೆಲ್ಲ ಬಿಟ್ಟು ಹೋಗ್ತೀಯಾ ಮಾರಾಯ?"

"ಈ ಬೂತಾಯಿ ಮೀನು ಖಾಲಿಯಾದ ಮೇಲಾದರೆ ಹೋಗ್ತೇನಮ್ಮ!"

"ಇವನಿಗೆ ಬುದ್ಧಿ ಉಂಟು," ಎಂದು ನನ್ನನ್ನು ನೋಡಿದರು.

ನೆರೆಮನೆಯ ಕ್ರಿಶ್ಚಿಯನರ ಹೊಸಮನೆ ಊಟದಲ್ಲಿ ಫಾದರ್ ಸಿಕ್ಕಿದರು. ಪಾಪ!

"ಜ್ವರ ಬಿಟ್ಟ ಮೇಲೆ ಆ ಅತ್ತೆ ಎಂತ ಮಾಡಿದಳು ಫಾದರ್?"

"ಎದ್ದು ಎಲ್ಲರಿಗೂ ಉಪಚಾರ ಮಾಡಿದಳಮ್ಮ."

ಅತ್ತೆ ತಟ್ಟೆ ಕೆಳಗಿಟ್ಟರು. "ಆಗಲೇ? ಒಂದು ತೊಟ್ಟು ಗಂಜಿ ಸಹ ಕುಡಿಯದೆ? ಅಷ್ಟು ಗಂಡಸರಿದ್ದರಲ್ಲ, ಒಬ್ಬನಿಗೂ ಬಡಿಸ್ಲಿಕ್ಕೆ ಬರುದಿಲ್ವಾ?"

ಫಾದರ್ ಪಾಯಸದ ನೆವದಲ್ಲಿ ಎದ್ದು ಹೋದವರು ಮತ್ತೆ ಆ ಬದಿಗೆ ಬರಲೇ ಇಲ್ಲ.

ಕಳೆದ ತಿಂಗಳು ನನಗೇ ಜ್ವರ ಹಿಡಿಯಿತು. ಒಂದು ಬೆಳಿಗ್ಗೆ ಮೈ ತಣ್ಣಗಾದಂತೆ ಕಂಡಿತು. ಮಗಳ ಬುತ್ತಿ, ಇವರ ಶರ್ಟು, ನೆನೆಹಾಕದ ಅಕ್ಕಿ, ಎಲ್ಲ ನೆನಪಾಗಿ ಎದ್ದು ಕೂತು ಜಡೆ ಸುತ್ತಿಕೊಂಡೆ. ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಗಂಜಿಯ ಬಟ್ಟಲು.

"ಎಲ್ಲಿಗೆ?"

"ಜ್ವರ ಬಿಟ್ಟಿತಲ್ಲ ಅತ್ತೆ..."

"ಜ್ವರ ಬಿಟ್ಟದ್ದು. ಸುಸ್ತು ಬಿಟ್ಟಿಲ್ಲ. ಮಲಗು."

ಕಾಲಿಗೆ ಹೊದಿಕೆ ಎಳೆದರು. ಆಮೇಲೆ ನನ್ನ ಮುಖ ನೋಡದೆ, ಗಂಜಿ ಕಲಕುತ್ತಾ, ಮೆಲ್ಲಗೆ ಹೇಳಿದರು:

"ಆ ಹೆಂಗಸಿಗೆ ಮಲಗು ಅಂತ ಹೇಳುವವರು ಯಾರೂ ಇರಲಿಲ್ಲ ಮಗಾ. ನನಗೂ ಇರಲಿಲ್ಲ."

ನಾನು ಮಲಗಿದೆ.