ಗೋಡೆ ತಳ್ಳಿದವನು

ಕ್ಷೌರದಂಗಡಿಯವನ ಕೈಯನ್ನು ಹೊಗಳದವರು ಆ ಬೀದಿಯಲ್ಲಿರಲಿಲ್ಲ. ಅವನು ಕತ್ತರಿ ಹಿಡಿದರೆ ಎಂಥ ಮೊಂಡುಗೂದಲೂ ಹೇಳಿದ ಮಾತು ಕೇಳುತ್ತಿತ್ತು. ಆದರೆ ಕೈಯನ್ನು ಹೊತ್ತು ನಿಲ್ಲಬೇಕಾದದ್ದು ಕಾಲು. ಬಲಗಾಲಿನ ಹಿಮ್ಮಡಿ ಮುನಿಸಿಕೊಂಡು ತಿಂಗಳುಗಳೇ ಆಗಿದ್ದವು. ಬೆಳಿಗ್ಗೆ ಮಂಚದಿಂದಿಳಿದು ಕಾಲೂರಿದರೆ ನೆಲವೇ ಮೊಳೆ ಹೊಡೆದಂತಾಗುತ್ತಿತ್ತು. ನಿನ್ನೆಯಂತೂ ನೋವು ತಾಳದೆ ಒಂಟಿಗಾಲಿನ ಮೇಲೆ ವಾಲಿ ಕೆಲಸ ಮಾಡಿದ್ದಕ್ಕೆ ಗಿರಾಕಿಯೊಬ್ಬನ ಮೀಸೆ ಒಂದು ಕಡೆ ಮದುವೆಗೂ ಇನ್ನೊಂದು ಕಡೆ ಸಾವಿನ ಮನೆಗೂ ಹೊರಟಂತೆ ಕಂಡಿತ್ತು. ಹೀಗೇ ಆದರೆ ಅಂಗಡಿಗೆ ಬೀಗ ಬೀಳುವುದು ಖಂಡಿತ.

ಡಾಕ್ಟರು ಮನೆಯಲ್ಲೇ ಮಾಡಲು ಒಂದು ವ್ಯಾಯಾಮ ಹೇಳಿದ್ದರು: ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಕ್ಕೆ ಚಾಚಿ, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗುವುದು. ವಾರದ ರಜೆಯ ದಿನ ಅವನು ಬಾಗಿಲು ತೆರೆದಿಟ್ಟು ಅದನ್ನೇ ಶುರುಮಾಡಿದ.

ಮಹಡಿಯ ನಿವೃತ್ತ ಮೇಷ್ಟ್ರು ಇಳಿದು ಬರುತ್ತಿದ್ದವರು ನಿಂತುಬಿಟ್ಟರು. "ತಲೆ ಎತ್ತಪ್ಪ. ಗೋಡೆ ಹತ್ರ ಕ್ಷಮೆ ಕೇಳೋ ಹಾಗೆ ನಿಂತಿದ್ದೀಯ."

ಎದುರು ಮನೆಯ ದರ್ಜಿ ಅಕ್ಕ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಬಂದಳು. "ಅಣ್ಣ, ಹಿಮ್ಮಡಿ ಮೇಲೇಳ್ತಿದೆ. ನೆಲಕ್ಕೆ ಹೊಲಿದ ಹಾಗಿರ್ಬೇಕು."

ಬೇಡ ಅನ್ನುವ ಮಾತು ಅವನ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ಅಕ್ಕ ಕೂತು ಅವನ ಹಿಮ್ಮಡಿ ಒತ್ತಿ ಹಿಡಿದಳು, ಮೇಷ್ಟ್ರು ಬೆನ್ನಿಗೆ ಕೈ ಕೊಟ್ಟು ನೂಕಿದರು. ಮನೆ ಮಾಲೀಕರು ಮೆಟ್ಟಿಲು ಹತ್ತಿ ಬಂದದ್ದು ಆ ಗಳಿಗೆಯಲ್ಲಿ.

ಮೂವರು ಸೇರಿ ಗೋಡೆಗೆ ಆತುಕೊಂಡಿರುವುದನ್ನು ಕಂಡು ಅವರು ಗಾಬರಿಬಿದ್ದರು. ಕೈಚೀಲ ಎಸೆದು, ಓಡಿಬಂದು, ತಾವೂ ಗೋಡೆಗೆ ಕೈ ಊರಿ ಕಾಲು ಹಿಂದಕ್ಕೆ ಚಾಚಿ ಸರ್ವಶಕ್ತಿಯಿಂದ ತಳ್ಳಿದರು. "ಗೋಡೆ ಬೀಳ್ತಿದೆ, ಎಲ್ಲ ಆಚೆ ಬನ್ನಿ" ಎಂದು ಕೂಗಿದ ಕೂಗಿಗೆ ಕಟ್ಟಡವೇ ಬರಿದಾಯಿತು. ಒಬ್ಬಾಕೆ ಕೂಗುತ್ತಿದ್ದ ಕುಕ್ಕರನ್ನೂ, ಒಬ್ಬ ಟೀವಿಯನ್ನೂ, ಅರ್ಧ ಮುಖಕ್ಕೆ ಸೋಪು ಬಳಿದಿದ್ದವನೊಬ್ಬ ಕನ್ನಡಿಯನ್ನೂ ಅಪ್ಪಿಕೊಂಡು ಬೀದಿಗೆ ಓಡಿದರು.

"ಸ್ವಾಮಿ, ಗೋಡೆಗೆ ಏನೂ ಆಗಿಲ್ಲ. ಆಗಿರೋದು ನನ್ನ ಹಿಮ್ಮಡಿಗೆ" ಎಂದು ಅವನು ಎಷ್ಟು ಹೇಳಿದರೂ ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಕೊನೆಗೆ ಕೇಳಿದಾಗ ಮಾಲೀಕರು ಅವನನ್ನು ದುರುಗುಟ್ಟಿ ನೋಡಿ, ಕೈಚೀಲ ಎತ್ತಿಕೊಂಡು ಹೊರಟುಹೋದರು. ಮನೆ ಖಾಲಿ ಮಾಡು ಅನ್ನುತ್ತಾರೇನೋ ಎಂಬ ದಿಗಿಲಿನಲ್ಲಿ, ನೋವು ಅರ್ಧಕ್ಕರ್ಧ ಇಳಿದದ್ದೂ ಅವನ ಗಮನಕ್ಕೆ ಬರಲಿಲ್ಲ.

ಮಧ್ಯಾಹ್ನ ಮಾಲೀಕರು ಮತ್ತೆ ಬಂದು ಬಾಗಿಲಲ್ಲಿ ನಿಂತರು.

"ಯಾರಿಗೂ ಹೇಳ್ಬೇಡ" ಎಂದು ಅವರು ದನಿ ತಗ್ಗಿಸಿದರು. "ನಂಗೂ ವರ್ಷದಿಂದ ಹಿಮ್ಮಡಿ ನೋವು. ಬೆಳಿಗ್ಗೆ ಗಾಬರೀಲಿ ತಳ್ಳಿದ್ನಲ್ಲ, ಹಗುರ ಆಯ್ತು. ಸರಿಯಾಗಿ ಹೇಳ್ಕೊಡು."

ಅವನು ಮೀಸೆ ತಿದ್ದುವಷ್ಟೇ ನಾಜೂಕಾಗಿ ಅವರ ಕಾಲು ತಿದ್ದಿದ. ಅಷ್ಟರಲ್ಲಿ ಮೇಷ್ಟ್ರು ಕುಂಟುತ್ತ ಬಂದರು. "ಪಾಠ ಹೇಳೋದು ಸುಲಭ, ಮಾಡೋದೇ ಕಷ್ಟ ಕಣಪ್ಪ" ಎಂದರು. ಮಷೀನು ತುಳಿದು ತುಳಿದು ಹಿಮ್ಮಡಿ ಸವೆಸಿಕೊಂಡಿದ್ದ ದರ್ಜಿ ಅಕ್ಕನೂ ಬಂದಳು, ಆಮೇಲೆ ಕುಕ್ಕರಿನಾಕೆ, ಟೀವಿಯವನು. ಇಷ್ಟು ನೋವನ್ನು ಇಷ್ಟು ಜನ ಬಾಯಿಬಿಡದೆ ಹೊತ್ತು ಓಡಾಡುತ್ತಿದ್ದರಲ್ಲ ಎಂದು ಅವನ ಮನಸ್ಸು ಕರಗಿತು. ಒಬ್ಬೊಬ್ಬರ ಪಕ್ಕದಲ್ಲೂ ನಿಂತು, ಬಾಗಿ, ಎದ್ದು, ತೋರಿಸಿ ಕಳಿಸಿದ. ಯಾರನ್ನೂ ಅವಸರಪಡಿಸಲಿಲ್ಲ.

ಸಂಜೆ ಕೊನೆಯವನು ಹೋಗುವ ಹೊತ್ತಿಗೆ ಇಳಿದಿದ್ದ ನೋವು ಬಡ್ಡಿ ಸಮೇತ ಹತ್ತಿತ್ತು. ಕುರ್ಚಿಯಲ್ಲಿ ಕುಸಿದು ಉಸ್ಸಪ್ಪಾ ಎಂದ.

ಹೆಂಡತಿ ಬಾಗಿಲು ಹಾಕಿ ಬಂದು ಸಂಕೋಚದಿಂದ ನಿಂತಳು. "ರೀ, ತುಂಬಾ ಸುಸ್ತಾಗಿದೆಯಾ?"

"ಯಾಕೆ?"

"ಏನಿಲ್ಲ. ನನ್ನ ಹಿಮ್ಮಡೀನೂ ನೋಯ್ತಿದೆ, ನಿಮಗಿಂತ ಮುಂಚೇನೇ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಮನೇಲಿ ಒಬ್ರು ಕುಂಟಿದ್ರೆ ಸಾಕು ಅಂತ."

ಅವನು ಅವಳನ್ನೇ ನೋಡಿದ. ಆಮೇಲೆ ಕುರ್ಚಿಯ ಕೈ ಹಿಡಿದು, ಹಲ್ಲು ಕಚ್ಚಿ, ಮತ್ತೆ ಎದ್ದು ನಿಂತ.