ನೀಲಾಳ ಕಾಲಿಗೆ ಆರಾಮ

ನಮ್ಮ ಸಿಂದಗಿ ಕಡೆ ಯಾರೇ ಎದುರಾದರೂ ಮೊದಲು ಕೇಳುವುದು "ಆರಾಮ ಅದೀರೇನ್ರಿ?" ಎಂದು. ಅದಕ್ಕೆ "ಹೂಂ" ಎಂದಷ್ಟೇ ಹೇಳಿ ಮುಂದೆ ಹೋಗುವವನನ್ನು ನಾವು ಸೊಕ್ಕಿನವನೆಂದು ತಿಳಿಯುತ್ತೇವೆ. ಬಿಪಿ ಎಷ್ಟು, ಮೊಣಕಾಲು ಹೇಗಿದೆ, ಎಮ್ಮೆ ಹಾಲು ಕೊಡುತ್ತಿದೆಯೋ ಇಲ್ಲವೋ, ಎಲ್ಲವನ್ನೂ ನಿಂತಲ್ಲೇ ಒಪ್ಪಿಸಬೇಕು. ನಾನಂತೂ ಈ ಪದ್ಧತಿಯ ಕಟ್ಟಾ ಅಭಿಮಾನಿ. ನಾನು ಮಾಸ್ತರಿಕೆ ಮಾಡುವ ಶಾಲೆ ಮನೆಯಿಂದ ಹತ್ತು ನಿಮಿಷದ ದಾರಿ. ನನಗೆ ಮುಕ್ಕಾಲು ತಾಸು ಬೇಕು. ನಮ್ಮ ಹೆಡ್‌ಮಾಸ್ತರರು ಇದನ್ನು ಇನ್ನೂ ಒಪ್ಪಿಕೊಂಡಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದ ಮಗಳು ನೀಲಾಳಿಗೆ ಸೇನೆ ಸೇರುವ ಹುಚ್ಚು. ಬರೆಯುವ ಪರೀಕ್ಷೆ ಪಾಸಾದಳು. ಓಟ ಮತ್ತು ಮೆಡಿಕಲ್‌ಗೆ ಎರಡು ತಿಂಗಳಿರುವಾಗ ಬಸವನ ಬಾಗೇವಾಡಿಗೆ ಖೋಖೋ ಆಡಲು ಹೋಗಿ, ಕಂಬ ಹಿಡಿದು ತಿರುಗುವಾಗ ಕಾಲು ಉಳುಕಿಸಿಕೊಂಡು ಬಂದಳು. ಪಾದದ ಗಿಣ್ಣು ಬದನೆಕಾಯಿಯಂತೆ ಊದಿತ್ತು. ಎಲುಬಿನ ಡಾಕ್ಟರು ಎಕ್ಸ್‌ರೇ ನೋಡಿ, "ಎಲುಬು ಮುರದಿಲ್ಲ, ನರ ಜಗ್ಗ್ಯಾವ. ಮೂರು ವಾರ ಆರಾಮ ತಗೋವಾ, ಆಮ್ಯಾಲೆ ನಾ ಹೇಳಿದ ಕಸರತ್ತು ಮಾಡು" ಎಂದರು. ಎರಡು ವರ್ಷ ನಸುಕಿನಲ್ಲೆದ್ದು ಓಡಿದ ಹುಡುಗಿ. ಅವಳು ಅಳಲಿಲ್ಲ, ನನಗೇ ಅಳು ಬಂತು.

ನಮ್ಮಲ್ಲಿ ಆರಾಮ ತೆಗೆದುಕೊಳ್ಳುವುದು ಸುಲಭವಲ್ಲ. ಸುದ್ದಿ ತಿಳಿದದ್ದೇ ತಡ, "ಆರಾಮ ಆತೇನವಾ?" ಎಂದು ದಿನಕ್ಕೆ ಎಂಟು ಮಂದಿ ಬರತೊಡಗಿದರು. ಬಂದವರಿಗೆ ಚಹಾ ಬೇಡವೆ? ನನ್ನ ಹೆಂಡತಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನೀಲಾಳೇ ಕುಂಟುತ್ತ ಹೋಗಿ ಚಹಾ ಮಾಡಿ ತರುವಳು. ಅವರು ಅದನ್ನು ಬಸಿಯಲ್ಲಿ ಸುರುವಿಕೊಂಡು ಕುಡಿಯುತ್ತ, "ಅಡ್ಡಾಡಬ್ಯಾಡ ನಮ್ಮವ್ವಾ" ಎನ್ನುವರು. ಕನ್ನೊಳ್ಳಿಯಿಂದ ಬಂದ ನನ್ನ ಅಕ್ಕ ಸುಣ್ಣ, ಅರಿಷಿಣ ಕಲಸಿ ಮೆತ್ತಿ, ಇಡೀ ಪಾದವನ್ನು ಮದುಮಗಳ ಪಾದ ಮಾಡಿ ಹೋದಳು. ಕೊನೆಗೆ ರಜೆ ಹಾಕಿ ಚಹಾದ ಜವಾಬ್ದಾರಿಯನ್ನು ನಾನೇ ಹೊತ್ತೆ. ನನ್ನ ಚಹಾ ಕುಡಿದವರು ಎರಡನೆಯ ಸಲ ಬರಲಿಲ್ಲ. ಮಗಳಿಗೆ ನಿಜವಾದ ಆರಾಮ ಸಿಕ್ಕಿದ್ದು ಆಗಲೇ. ಆಮೇಲೆ ಗೋಡೆ ಹಿಡಿದು ತುದಿಗಾಲಲ್ಲಿ ನಿಂತಳು, ಗೋಡೆ ಬಿಟ್ಟು ನಿಂತಳು, ಏಳನೆಯ ವಾರಕ್ಕೆ ಓಡಿದಳು.

ಓಟವೇನೋ ಪಾಸಾಯಿತು. ಮೆಡಿಕಲ್ ದಿನ ದೂರದ ಊರಿನ ಮಿಲಿಟರಿ ಆಸ್ಪತ್ರೆಯ ಗೇಟಿನ ಮುಂದೆ ಅವಳನ್ನು ಪಕ್ಕಕ್ಕೆ ಕರೆದೆ. "ಕಾಲಿನ ಸುದ್ದಿ ನೀ ಆಗಿ ತೆಗೀಬ್ಯಾಡ" ಎಂದೆ.

"ಸುಳ್ಳು ಹೇಳು ಅಂತಿಯೇನಪ್ಪಾ?"

"ಸುಳ್ಳಲ್ಲವ್ವಾ. ಸುಮ್ಮನಿರು ಅಂತೇನಿ."

ಆಯಿತೆಂದು ಒಳಗೆ ಹೋದಳು. ಮಧ್ಯಾಹ್ನ ಓಡುತ್ತಲೇ ಹೊರಬಂದು, "ಫಿಟ್ ಅಂದ್ರಪ್ಪಾ" ಎಂದಳು. ನಾಚಿಕೆ ಬಿಟ್ಟು ರಸ್ತೆಯಲ್ಲೇ ಅತ್ತೆ. ಎದೆ ಹಗುರವಾದ ಮೇಲೆ, "ಕಾಲಿನ ಸುದ್ದಿ ಬರಲಿಲ್ಲಲಾ?" ಎಂದು ಕೇಳಿದೆ.

ಬಂದಿತ್ತು. ಸಾವಧಾನ್, ವಿಶ್ರಾಮ್ ಎರಡನ್ನೂ ನೀಲಾ ಶಾಲೆಯಲ್ಲೇ ಕಲಿತಿದ್ದಳು. ಮೈ ಸಡಿಲ ಬಿಟ್ಟು ನಿಲ್ಲಲು ಸೇನೆಯಲ್ಲಿ ಮೂರನೆಯದೊಂದು ಆಜ್ಞೆ ಇದೆ, "ಆರಾಮ್ ಸೇ" ಎಂದು. ಬಿಗಿದು ನಿಂತಿದ್ದ ನನ್ನ ಮಗಳಿಗೆ ಡಾಕ್ಟರಮ್ಮ ಅದನ್ನೇ ಹೇಳಿದ್ದಾರೆ. ಗೊತ್ತಿಲ್ಲದ ಊರಿನಲ್ಲಿ ಇಷ್ಟು ದೊಡ್ಡವರು ತನ್ನ ಆರಾಮ ಕೇಳಿದರಲ್ಲ ಎಂದು ಇವಳು ಕರಗಿಹೋಗಿದ್ದಾಳೆ. "ಈಗ ಆರಾಮ್ರಿ ಮೇಡಂ" ಎಂದು ಶುರುಮಾಡಿ, ಬಾಗೇವಾಡಿಯ ಖೋಖೋ, ಸೋದರತ್ತೆಯ ಅರಿಷಿಣ, ನನ್ನ ಚಹಾ, ಎಲ್ಲವನ್ನೂ ಕನ್ನಡಕ್ಕೆ ಹಿಂದಿ ಬೆರೆಸಿ ಒಪ್ಪಿಸಿದ್ದಾಳೆ. ಅವರು ಪೆನ್ನು ಕೆಳಗಿಟ್ಟು ಗಿಣ್ಣನ್ನು ಒತ್ತಿ, ತಿರುವಿ, ಕುಕ್ಕರುಗಾಲಲ್ಲಿ ಕೂರಿಸಿ, ಒಂಟಿಗಾಲಲ್ಲಿ ಕುಣಿಸಿ, ಆಮೇಲೆ ಫಿಟ್ ಎಂದು ಬರೆದರಂತೆ.

"ನಾ ಸುಮ್ಮನಿರು ಅಂದಿದ್ದು?"

"ಅದನ್ನೂ ಹೇಳ್ದೆ. ಭಾಳ ನಕ್ಕರು. 'ಆರಾಮ್ ಸೇ' ಅಂದ್ರ ಏನಂತ ತಿಳಿಸಿ ಹೇಳಿದರು. ಆಮ್ಯಾಲೆ ನಿಮ್ಮಪ್ಪ ಏನ್ ಮಾಡ್ತಾರ ಅಂತ ಕೇಳಿದರು."

"ಏನಂದಿ?"

"ಹೈಸ್ಕೂಲಿನ್ಯಾಗ ಇಪ್ಪತ್ತೆರಡು ವರ್ಷದಿಂದ ಹಿಂದಿ ಕಲಿಸ್ತಾರ್ರಿ ಅಂದೆ."